ಹೆಜ್ಜೆ ಎಣಿಸುವ ಬ್ಯಾಂಡ್: ಯಾವ ಅಂಕಿ ನಂಬಬೇಕು, ಯಾವುದನ್ನು ಬಿಡಬೇಕು

ಕೈಗೆ ಕಟ್ಟಿಕೊಂಡು ಹೆಜ್ಜೆ ಎಣಿಸುವ ಬ್ಯಾಂಡಿಗೆ ನಾನು ಕೊಡುವುದು ಐದಕ್ಕೆ ಮೂರೂವರೆ ಸ್ಟಾರ್. ಹೆಜ್ಜೆ ಎಣಿಸುವುದಕ್ಕೆ ನಾಲ್ಕು, ಕ್ಯಾಲೊರಿ ಲೆಕ್ಕಕ್ಕೆ ಒಂದು, ಕೂತವರನ್ನು ಎಬ್ಬಿಸುವುದಕ್ಕೆ ಪೂರ್ತಿ ಐದು. ಕೂಡಿ ಭಾಗಿಸಿದರೆ ಸರಿಯಾಗಿ ಮೂರೂವರೆ ಬರುವುದಿಲ್ಲ, ಗೊತ್ತು. ಸ್ವಲ್ಪ ಮುಲಾಜಿಗೆ ಏರಿಸಿದ್ದೇನೆ. ದಿನಾ ನಡೆಯುವವರಿಗೆ ಇದು ಬೇಕಾ, ನಡೆಯದವರನ್ನು ಇದು ನಡೆಸುತ್ತದಾ, ಪರದೆ ಮೇಲೆ ಬರುವ ಅಂಕಿಗೂ ಮೈಯೊಳಗೆ ಆಗುವುದಕ್ಕೂ ಏನಾದರೂ ಸಂಬಂಧ ಇದೆಯಾ, ಇಷ್ಟು ನೋಡೋಣ ಅಂತಲೇ ತಗೊಂಡಿದ್ದು.

ಕಂಪನಿ ಹೆಸರು ಬರೆಯುತ್ತಿಲ್ಲ. ಒಂದು, ನನ್ನ ತಕರಾರುಗಳಲ್ಲಿ ಅರ್ಧ ಆ ಕಂಪನಿಯದ್ದಲ್ಲ, ಈ ಜಾತಿಯ ವಸ್ತುವಿನದ್ದೇ. ಇನ್ನೊಂದು, ಒಳಗಿನ ಸಾಮಾನು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಅಲುಗಾಟ ಅಳೆಯುವ ಪುಟಾಣಿ ಚಿಪ್, ಅಡಿಯಲ್ಲಿ ಹಸಿರು ಲೈಟು, ಒಂದು ಬ್ಯಾಟರಿ, ನಡುಗುವುದಕ್ಕೆ ಒಂದು ಮೋಟಾರು. ಇದಕ್ಕೆ ಜಿಪಿಎಸ್ ಸೇರಿಸಿದರೆ ಬೆಲೆ ಏರುತ್ತದೆ, ಬ್ಯಾಟರಿ ಇಳಿಯುತ್ತದೆ. ನನ್ನದರಲ್ಲಿ ಜಿಪಿಎಸ್ ಇಲ್ಲ. ನಡೆಯುವುದಕ್ಕೆ ಬೇಕಾಗಿಯೂ ಇಲ್ಲ, ಹೋದ ದಾರಿ ನಮಗೇ ಗೊತ್ತಿರುತ್ತದೆ ಅಲ್ವಾ.

ಮೊದಲು ಎಣಿಕೆಯ ವಿಷಯ. ಬ್ಯಾಂಡಿಗೆ ನಮ್ಮ ಕಾಲು ಕಾಣುವುದಿಲ್ಲ. ಅದು ಇರುವುದು ಮಣಿಕಟ್ಟಿನಲ್ಲಿ. ನಡೆಯುವಾಗ ಕೈ ಹಿಂದೆ ಮುಂದೆ ಒಂದೇ ಲಯದಲ್ಲಿ ಬೀಸುತ್ತದಲ್ಲ, ಆ ಬೀಸಾಟವನ್ನು ಚಿಪ್ಪು ಮೂರು ದಿಕ್ಕಿನಲ್ಲಿ ಅಳೆಯುತ್ತದೆ, ಒಳಗಿನ ಸಾಫ್ಟ್‌ವೇರ್ ಅದರಲ್ಲಿ ಮತ್ತೆ ಮತ್ತೆ ಬರುವ ಏರಿಳಿತ ಹುಡುಕಿ ಇದು ಹೆಜ್ಜೆ ಅಂತ ತೀರ್ಮಾನ ಮಾಡುತ್ತದೆ. ಹಾಗಾಗಿ ಲಯ ಇದ್ದರೆ ಲೆಕ್ಕ ಚೆನ್ನಾಗಿ ಸಿಗುತ್ತದೆ. ಬಾಯಲ್ಲಿ ನೂರು ಎಣಿಸಿಕೊಂಡು ನೇರ ರಸ್ತೆಯಲ್ಲಿ ನಡೆದು ನೋಡಿದರೆ ಬ್ಯಾಂಡಿನ ಲೆಕ್ಕ ಅದರ ಆಚೆ ಈಚೆ ಎರಡು ಮೂರರಲ್ಲೇ ಇರುತ್ತದೆ. ಆದರೆ ಮನೆಯೊಳಗೆ ನಾಲ್ಕು ಹೆಜ್ಜೆ ಇಟ್ಟು, ನಿಂತು, ತಿರುಗಿ, ಮತ್ತೆ ಮೂರು ಹೆಜ್ಜೆ ಇಡುವ ಓಡಾಟ ಇದೆಯಲ್ಲ, ಅದರಲ್ಲಿ ಬಹಳಷ್ಟು ಲೆಕ್ಕಕ್ಕೇ ಬರುವುದಿಲ್ಲ. ಸತತವಾಗಿ ಒಂದಷ್ಟು ಹೆಜ್ಜೆ ಬಿದ್ದ ಮೇಲಷ್ಟೇ ಎಣಿಕೆ ಶುರು ಮಾಡುವ ಬ್ಯಾಂಡುಗಳು ಜಾಸ್ತಿ. ಸುಮ್ನೆ ಕೈ ಅಲ್ಲಾಡಿಸಿದ್ದೆಲ್ಲ ಹೆಜ್ಜೆ ಆಗಬಾರದು ಅನ್ನುವ ಕಾರಣಕ್ಕೆ.

ಅಕ್ಕ ಇದನ್ನು ಒಂದು ವಾರ ಇಸ್ಕೊಂಡಿದ್ದಳು. ದಿನಾ ಸಂಜೆ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ದೂರ ಹೋಗಿ ಬರುತ್ತಾಳೆ. ಮೊದಲನೇ ದಿನ ವಾಪಸ್ ಬಂದವಳೇ ಬ್ಯಾಂಡ್ ಬಿಚ್ಚಿ ಮೇಜಿನ ಮೇಲೆ ಇಟ್ಟು, "ಇದು ನನ್ನನ್ನ ಮನೆಯಲ್ಲೇ ಮಲಗಿಸಿದೆ ಕಣೋ" ಅಂದಳು. ನೋಡಿದರೆ ಪೂರ್ತಿ ಒಂದು ಗಂಟೆ ನಡೆದದ್ದಕ್ಕೆ ಕೆಲವು ನೂರು ಹೆಜ್ಜೆ ತೋರಿಸುತ್ತಿತ್ತು. ಎರಡೂ ಕೈ ಗಾಡಿಯ ಹಿಡಿಯ ಮೇಲೆ ಗಟ್ಟಿಯಾಗಿ ಕೂತಿದ್ದರೆ ಬೀಸಾಟ ಎಲ್ಲಿಂದ ಬರಬೇಕು? ಮರುದಿನ ಬ್ಯಾಂಡನ್ನು ಕಾಲ್ಚೀಲದೊಳಗೆ ತೂರಿಸಿಕೊಂಡು ಹೋದಳು, ಲೆಕ್ಕ ಸರಿಯಾಯಿತು. ಅಂಗಡಿಯಲ್ಲಿ ಟ್ರಾಲಿ ತಳ್ಳುವವರಿಗೂ, ವಾಕರ್ ಹಿಡಿದು ನಡೆಯುವ ವಯಸ್ಸಾದವರಿಗೂ, ಟ್ರೆಡ್‌ಮಿಲ್‌ನಲ್ಲಿ ಕಂಬಿ ಹಿಡಿದುಕೊಳ್ಳುವವರಿಗೂ ಇದೇ ಗತಿ. ಇಂಥವರಿಗೆ ಸೊಂಟಕ್ಕೆ ಸಿಕ್ಕಿಸುವ ಕ್ಲಿಪ್ಪೇ ಒಳ್ಳೆಯದು.

ಉಲ್ಟಾನೂ ಆಗುತ್ತದೆ. ಅಪ್ಪ ಕುರ್ಚಿಯಲ್ಲಿ ಕೂತಲ್ಲೇ ಕೈಯನ್ನು ಗಡಿಯಾರದ ಲೋಲಕದ ಥರ ತೂಗಿ, "ನೋಡೋ, ನನ್ನ ವಾಕಿಂಗ್ ಮುಗೀತು" ಅಂದರು. ಮುಗಿದೇ ಹೋಗಿತ್ತು, ಬ್ಯಾಂಡ್ ಅದನ್ನೂ ಎಣಿಸಿತ್ತು. ಮೋಸ ಮಾಡಬೇಕು ಅಂದವರಿಗೆ ಇದು ಅಡ್ಡ ಬರುವುದಿಲ್ಲ.

ಇನ್ನು ಡಬ್ಬಿಯಿಂದ ತೆಗೆದ ಕೂಡಲೇ ಪರದೆ ಮೇಲೆ ಕಾಣುವ ಆ ಗುರಿ, 10,000 ಹೆಜ್ಜೆ. ನನ್ನದರಲ್ಲೂ ಅದೇ ಇತ್ತು. ಇದು ಯಾವ ಡಾಕ್ಟರೂ ಹುಡುಕಿಕೊಟ್ಟ ಸಂಖ್ಯೆ ಅಲ್ಲ. 1964ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆಯಿತು, ಜಪಾನಿನಲ್ಲಿ ವ್ಯಾಯಾಮದ ಬಗ್ಗೆ ಆಸಕ್ತಿ ಜೋರಾಗಿತ್ತು, 1965ರಲ್ಲಿ ಯಮಾಸಾ ಅನ್ನುವ ಕಂಪನಿ ಹೆಜ್ಜೆ ಎಣಿಸುವ ಸಣ್ಣ ಯಂತ್ರವೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಹತ್ತು ಸಾವಿರ ಅನ್ನುವುದು ಆ ಯಂತ್ರದ ಹೆಸರಿನಲ್ಲೇ ಇತ್ತು. ಅಲ್ಲಿಂದ ಅದು ನಡೆದುಕೊಂಡು ಬಂದು ಈಗ ಎಲ್ಲರ ಮಣಿಕಟ್ಟಿನ ಮೇಲೆ ಕೂತಿದೆ. ಮಾರಾಟದ ಅಂಕಿ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತ ಅಲ್ಲ, ಅಷ್ಟು ನಡೆದರೆ ಒಳ್ಳೆಯದೇ. ಆದರೆ ದಿನಕ್ಕೆ ಮೂರು ಸಾವಿರ ನಡೆಯುವವರ ಮುಂದೆ ಹತ್ತು ಸಾವಿರ ಇಟ್ಟರೆ ಅವರು ಎರಡು ವಾರದಲ್ಲಿ ಬ್ಯಾಂಡನ್ನು ಡ್ರಾಯರಿಗೆ ಹಾಕುತ್ತಾರೆ.

ನಿಜವಾದ ಅಧ್ಯಯನಗಳು ಆಮೇಲೆ ಬಂದವು, ಮತ್ತು ಅವು ಹೇಳುವುದು ಬೇರೆ. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಜೊತೆಯವರು 16,000ಕ್ಕೂ ಹೆಚ್ಚು ಮಹಿಳೆಯರ ಸೊಂಟಕ್ಕೆ ಅಳತೆಯ ಯಂತ್ರ ಕಟ್ಟಿಸಿ ಒಂದು ವಾರದ ನಡಿಗೆ ದಾಖಲಿಸಿಕೊಂಡರು. ಅವರ ಸರಾಸರಿ ವಯಸ್ಸು 72. ನಾಲ್ಕು ವರ್ಷಕ್ಕೂ ಜಾಸ್ತಿ ಕಾಲ ಅವರ ಆರೋಗ್ಯ ಗಮನಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ ಸುಮಾರು 4,400 ನಡೆಯುವವರಲ್ಲಿ ಸಾವಿನ ಪ್ರಮಾಣ 41% ಕಡಿಮೆ ಇತ್ತು. 7,500 ದಾಟಿದ ಮೇಲೆ ಲಾಭ ಹೆಚ್ಚುಕಡಿಮೆ ಅಲ್ಲೇ ನಿಂತಿತು. 2022ರಲ್ಲಿ 15 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ 60 ದಾಟಿದವರಿಗೆ 6,000ದಿಂದ 8,000, ಅದಕ್ಕಿಂತ ಚಿಕ್ಕವರಿಗೆ 8,000ದಿಂದ 10,000 ಹೆಜ್ಜೆಯ ಹೊತ್ತಿಗೆ ಲಾಭದ ಗೆರೆ ಸಮತಟ್ಟಾಗುವುದು ಕಂಡಿತು. 2025ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಇನ್ನೂ ದೊಡ್ಡ ಪರಿಶೀಲನೆಯಲ್ಲಿ 2,000 ಹೆಜ್ಜೆಗೆ ಹೋಲಿಸಿದರೆ 7,000 ಹೆಜ್ಜೆ ನಡೆಯುವವರಲ್ಲಿ ಸಾವಿನ ಅಪಾಯ 47% ಕಡಿಮೆ, ಮರೆಗುಳಿತನದ ಅಪಾಯ 38% ಕಡಿಮೆ ಇತ್ತು.

ಇಲ್ಲಿ ಒಂದು ಮಾತು. ಇವೆಲ್ಲ ಗಮನಿಸಿ ಬರೆದ ಲೆಕ್ಕಗಳು. ಆರೋಗ್ಯ ಸರಿ ಇಲ್ಲದವರು ಹೇಗೂ ಕಡಿಮೆ ನಡೆಯುತ್ತಾರೆ, ಹಾಗಾಗಿ ಪೂರ್ತಿ 47%ನ ಪುಣ್ಯ ನಡಿಗೆಗೇ ಹೋಗಬೇಕಾಗಿಲ್ಲ. ಸಂಶೋಧಕರು ವಯಸ್ಸು, ಸಿಗರೇಟು, ಮೊದಲೇ ಇದ್ದ ಕಾಯಿಲೆ ಇಂಥದ್ದನ್ನೆಲ್ಲ ಲೆಕ್ಕದಿಂದ ತೆಗೆಯಲು ನೋಡುತ್ತಾರೆ, ಆದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ನನಗೆ ಇದರಲ್ಲಿ ಮುಖ್ಯ ಅನಿಸಿದ್ದು ಶೇಕಡಾವಾರು ಅಲ್ಲ, ಗೆರೆಯ ಆಕಾರ. ಏರಿಕೆ ಕಡಿದಾಗಿರುವುದು ಆರಂಭದಲ್ಲೇ. ಎರಡು ಸಾವಿರದವರು ನಾಲ್ಕು ಸಾವಿರಕ್ಕೆ ಬಂದರೆ ಸಿಗುವುದು ಎಂಟು ಸಾವಿರದವರು ಹತ್ತಕ್ಕೆ ಹೋದರೆ ಸಿಗುವುದಕ್ಕಿಂತ ಎಷ್ಟೋ ಜಾಸ್ತಿ. ಆದರೆ ಬ್ಯಾಂಡಿನ ಆ್ಯಪ್ ಇದನ್ನು ಹೇಳುವುದೇ ಇಲ್ಲ. ನಾಲ್ಕು ಸಾವಿರ ನಡೆದ ದಿನ ಅರ್ಧಕ್ಕೂ ಕಡಿಮೆ ತುಂಬಿದ ಒಂದು ಉಂಗುರ ತೋರಿಸಿ, ಇವತ್ತು ಗುರಿ ಮುಟ್ಟಲಿಲ್ಲ ಅಂತ ಮುಖ ಸಣ್ಣ ಮಾಡಿಕೊಳ್ಳುತ್ತದೆ. ಹಾಗಾಗಿ ತಂದ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಗುರಿ ಬದಲಾಯಿಸಿಕೊಳ್ಳಿ. ಮೊದಲ ವಾರ ಏನೂ ಬದಲಿಸದೆ ಎಂದಿನಂತೆ ಇದ್ದು ಎಷ್ಟು ಬರುತ್ತದೆ ನೋಡಿ, ಅದಕ್ಕೆ ಒಂದು ಸಾವಿರವೋ ಒಂದೂವರೆ ಸಾವಿರವೋ ಸೇರಿಸಿ ಇಡಿ. ಕೆಲವು ಬ್ಯಾಂಡುಗಳಲ್ಲಿ ಗುರಿ ಬದಲಿಸುವ ಜಾಗ ಹುಡುಕುವುದೇ ಒಂದು ವಾಕಿಂಗ್. ನನ್ನದರಲ್ಲಿ ಮೂರು ಮೆನು ಒಳಗಿತ್ತು.

ಹಾಗಾದರೆ ಎಣಿಸುವುದರಿಂದ ಜನ ಜಾಸ್ತಿ ನಡೆಯುತ್ತಾರಾ? ನಡೆಯುತ್ತಾರೆ. 2007ರಲ್ಲೇ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇದರ ಪರಿಶೀಲನೆ ಬಂದಿತ್ತು. ಹೆಜ್ಜೆ ಎಣಿಸುವ ಯಂತ್ರ ಕಟ್ಟಿಕೊಂಡವರು ದಿನಕ್ಕೆ 2,000ಕ್ಕೂ ಹೆಚ್ಚು ಹೆಜ್ಜೆ ಜಾಸ್ತಿ ಹಾಕಿದರು, ಅದರಲ್ಲೂ ಒಂದು ಗುರಿ ಇಟ್ಟುಕೊಂಡವರಲ್ಲೇ ಈ ಏರಿಕೆ ಕಂಡಿತು. ಅಂದರೆ ಸುಮ್ನೆ ಕಟ್ಟಿಕೊಂಡರೆ ಆಗುವುದಿಲ್ಲ, ಒಂದು ಸಂಖ್ಯೆ ಮನಸ್ಸಿನಲ್ಲಿರಬೇಕು. ಅದು ಹತ್ತು ಸಾವಿರವೇ ಆಗಬೇಕಿಲ್ಲ ಅಷ್ಟೇ.

ತೂಕ ಇಳಿಸಲು ತಗೊಳ್ಳುತ್ತೀರಾ? ಹಾಗಿದ್ದರೆ ದುಡ್ಡು ಉಳಿಸಿಕೊಳ್ಳಿ. 2016ರಲ್ಲಿ ಒಂದು ದೊಡ್ಡ ಪ್ರಯೋಗದ ವರದಿ ಬಂತು. ತೂಕ ಜಾಸ್ತಿ ಇದ್ದ 471 ಯುವಕ ಯುವತಿಯರನ್ನು ಎರಡು ಗುಂಪು ಮಾಡಿ, ಇಬ್ಬರಿಗೂ ಆಹಾರ ವ್ಯಾಯಾಮದ ಸಲಹೆ ಕೊಟ್ಟು, ಒಂದು ಗುಂಪಿಗೆ ಮಾತ್ರ ಕಟ್ಟಿಕೊಳ್ಳುವ ಯಂತ್ರ ಕೊಟ್ಟರು. ಎರಡು ವರ್ಷದ ಕೊನೆಗೆ ಯಂತ್ರ ಇಲ್ಲದವರು ಸರಾಸರಿ 5.9 ಕಿಲೊ ಇಳಿದಿದ್ದರು, ಯಂತ್ರ ಕಟ್ಟಿಕೊಂಡವರು 3.5 ಕಿಲೊ. ಕಟ್ಟಿಕೊಂಡವರೇ ಕಡಿಮೆ ಇಳಿದದ್ದು! ಯಾಕೆ ಅನ್ನುವುದಕ್ಕೆ ಆ ಪ್ರಯೋಗದಲ್ಲಿ ಖಚಿತ ಉತ್ತರ ಇಲ್ಲ. ನನ್ನ ಅನುಮಾನ ಮಾತ್ರ ಕ್ಯಾಲೊರಿ ಪುಟದ ಮೇಲೆ. ಸಂಜೆ ಆ ಪುಟ ತೆಗೆದರೆ ದೊಡ್ಡ ಕಿತ್ತಳೆ ಅಕ್ಷರದಲ್ಲಿ ಇವತ್ತು ಇಷ್ಟು ಸುಟ್ಟಿದ್ದೀರಿ ಅಂತ ಬರುತ್ತದೆ, ಅದನ್ನು ನೋಡಿದ ಮೇಲೆ ಯಾರಿಗಾದರೂ ಒಂದು ತಟ್ಟೆ ಜಾಸ್ತಿ ತಿನ್ನೋಣ ಅನಿಸದೇ ಇರುತ್ತದಾ?

ಆ ಅಂಕಿಯಾದರೂ ಸರಿ ಇದ್ದರೆ ಪರವಾಗಿಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಬಗೆಯ ಬ್ಯಾಂಡು, ವಾಚುಗಳನ್ನು 60 ಜನರಿಗೆ ಕಟ್ಟಿಸಿ ನಡೆಸಿ, ಓಡಿಸಿ, ಸೈಕಲ್ ತುಳಿಸಿ ಪರೀಕ್ಷೆ ಮಾಡಿದರು. ಹೃದಯ ಬಡಿತದ ಲೆಕ್ಕ ಏಳರಲ್ಲಿ ಆರರಲ್ಲಿ 5%ಗಿಂತ ಕಡಿಮೆ ತಪ್ಪಿನಲ್ಲಿ ಬಂತು, ಚೆನ್ನಾಗಿದೆ. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದು ಅನಿಸಿಕೊಂಡದ್ದೇ ಸರಾಸರಿ 27% ತಪ್ಪಿತ್ತು, ಎಲ್ಲಕ್ಕಿಂತ ಕೆಟ್ಟದ್ದು 93%. ಇದು ಚಿಪ್ಪಿನ ತಪ್ಪಲ್ಲ. ಒಬ್ಬೊಬ್ಬರ ಮೈ ಒಂದೊಂದು ಥರ ಶಕ್ತಿ ಖರ್ಚು ಮಾಡುತ್ತದೆ, ಬ್ಯಾಂಡು ಎತ್ತರ ತೂಕ ವಯಸ್ಸು ಕೇಳಿಕೊಂಡು ಅಂದಾಜು ಹೊಡೆಯುತ್ತದೆ. ನಾನು ಆ ಪುಟವನ್ನು ಪರದೆಯಿಂದಲೇ ತೆಗೆದು ಹಾಕಿದೆ. ದೂರದ ಲೆಕ್ಕವೂ ಇದೇ ಜಾತಿ. ಎತ್ತರ ನೋಡಿ ಹೆಜ್ಜೆಯ ಉದ್ದ ಊಹಿಸಿ ಗುಣಿಸಿಬಿಡುತ್ತದೆ. ಬಿರುಸಾಗಿ ನಡೆದರೂ ಅಷ್ಟೇ, ಕಾಲೆಳೆದುಕೊಂಡು ನಡೆದರೂ ಅಷ್ಟೇ.

ಈಗ ಹೊಗಳುವ ಭಾಗ. ಮಿನಿಟಿಗೆ ಎಷ್ಟು ಹೆಜ್ಜೆ ಅನ್ನುವ ಅಂಕಿ ಒಂದಿದೆ, ಆ್ಯಪ್‌ನಲ್ಲಿ ಎಲ್ಲೋ ಮೂಲೆಯಲ್ಲಿ ಕೂತಿರುತ್ತದೆ, ಯಾರೂ ನೋಡುವುದಿಲ್ಲ. ನನಗೆ ಇಡೀ ವಸ್ತುವಿನಲ್ಲಿ ಕೆಲಸಕ್ಕೆ ಬಂದ ಅಂಕಿ ಅದೇ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಬೇಕು ಅನ್ನುತ್ತದೆ. ನಡಿಗೆಯಲ್ಲಿ ಮಧ್ಯಮ ಬಿರುಸು ಅಂದರೆ ಎಷ್ಟು? ಬಹಳಷ್ಟು ವಯಸ್ಕರಿಗೆ ಅದು ಮಿನಿಟಿಗೆ ಸುಮಾರು 100 ಹೆಜ್ಜೆ. ಯಂತ್ರ ಇಲ್ಲದೆಯೂ ಗೊತ್ತು ಮಾಡಿಕೊಳ್ಳಬಹುದು. ಪಕ್ಕದಲ್ಲಿ ಬರುವವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಪ್ಪನಿಗೆ ಇದನ್ನು ಹೇಳಿದ್ದಕ್ಕೆ, "ನಂಗೆ ಕೂತಿದ್ದಾಗಲೂ ಹಾಡೋಕ್ ಬರಲ್ಲ, ಹಾಗಾದ್ರೆ ಏನ್ ಮಾಡ್ಲಿ" ಅಂದರು.

ನಾನು ಬಿರುಸಾಗಿ ನಡೆಯುವವನು ಅಂದುಕೊಂಡಿದ್ದ ಒಬ್ಬ ಗೆಳೆಯನಿಗೆ ಬ್ಯಾಂಡ್ ಕಟ್ಟಿ ನೋಡಿದೆ. ಫೋನ್ ನೋಡುತ್ತಾ ನಡೆಯುವಾಗ ಅವನದು ಎಂಬತ್ತರ ಆಸುಪಾಸು. ಫೋನ್ ಜೇಬಿಗೆ ಹಾಕಿಸಿದ ಮೇಲೆ ನೂರಾ ಹತ್ತು. ಅದೇ ಮನುಷ್ಯ, ಅದೇ ರಸ್ತೆ. ಒಟ್ಟು ಹೆಜ್ಜೆಯ ಲೆಕ್ಕದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಹಾಗಂತ ನಿಧಾನ ನಡೆದದ್ದು ದಂಡ ಅಂತಲ್ಲ. ಮೇಲೆ ಹೇಳಿದ 2019ರ ಅಧ್ಯಯನದಲ್ಲಿ ಒಟ್ಟು ಹೆಜ್ಜೆ ಲೆಕ್ಕಕ್ಕೆ ತಗೊಂಡ ಮೇಲೆ ವೇಗಕ್ಕೆ ಬೇರೆ ಲಾಭ ಸ್ಪಷ್ಟವಾಗಿ ಕಾಣಲಿಲ್ಲ. ಆದರೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವವರು ಆ ಏದುಸಿರು ಕಡಿಮೆ ಆಗಬೇಕು ಅಂದರೆ ಹೃದಯಕ್ಕೆ ಸ್ವಲ್ಪ ಕೆಲಸ ಕೊಡಲೇಬೇಕು, ಆಗ ಈ ನೂರು ಬೇಕು. ದಿನದಲ್ಲಿ ಇಪ್ಪತ್ತು ಮೂವತ್ತು ನಿಮಿಷ ಬಿರುಸು, ಉಳಿದದ್ದು ಹೇಗಾದರೂ ಸರಿ. ಇದು ನನ್ನ ಪದ್ಧತಿ. ಹಳೆಯ ಮಾರ್ಗಸೂಚಿಯಲ್ಲಿ ಕನಿಷ್ಠ ಹತ್ತು ನಿಮಿಷ ಒಂದೇ ಸಮ ಮಾಡಿದರೆ ಮಾತ್ರ ಲೆಕ್ಕ ಅಂತ ಇತ್ತು, 2020ರಲ್ಲಿ ಅದನ್ನು ತೆಗೆದರು. ನನ್ನ ಬ್ಯಾಂಡಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ, ಹತ್ತು ನಿಮಿಷಕ್ಕಿಂತ ಚಿಕ್ಕ ನಡಿಗೆಯನ್ನು ಅದು ವ್ಯಾಯಾಮದ ಪಟ್ಟಿಗೆ ಸೇರಿಸುವುದಿಲ್ಲ.

ಪೂರ್ತಿ ಐದು ಸ್ಟಾರ್ ಕೊಟ್ಟದ್ದು ಕೂತವರನ್ನು ಎಬ್ಬಿಸುವ ನಡುಕಕ್ಕೆ. ಗಂಟೆಗೊಮ್ಮೆ ಮಣಿಕಟ್ಟಿನಲ್ಲಿ ಝುಂ ಅನ್ನುತ್ತದೆ, ಎದ್ದು ಓಡಾಡುವ ತನಕ ಪರದೆಯಲ್ಲಿ ಒಂದು ಕುರ್ಚಿ ಚಿತ್ರ ನಿಂತಿರುತ್ತದೆ. ಮೊದಲಿಗೆ ಸಿಟ್ಟು ಬರುತ್ತದೆ. ಆದರೆ ಇದರ ಹಿಂದಿನ ವಿಷಯ ಗಟ್ಟಿ. ಊಟ ಆದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಕೂತೇ ಇದ್ದರೆ ಅದನ್ನು ಇಳಿಸುವ ಹೊರೆ ಬಹುಮಟ್ಟಿಗೆ ಇನ್ಸುಲಿನ್ ಮೇಲೆ ಬೀಳುತ್ತದೆ. ಕಾಲಿನ ಸ್ನಾಯು ಕೆಲಸ ಶುರು ಮಾಡಿದರೆ ಅದು ಇನ್ಸುಲಿನ್‌ಗೆ ಕಾಯದೆ ತಾನೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಮೈಯಲ್ಲಿ ದೊಡ್ಡ ಸ್ನಾಯುಗಳೆಲ್ಲ ಇರುವುದು ತೊಡೆಯಲ್ಲಿ, ಪೃಷ್ಠದಲ್ಲಿ. ಹಾಗಾಗಿ ನಡೆದರೆ ಸಕ್ಕರೆ ಹೋಗಲು ಒಂದು ದೊಡ್ಡ ಬಾಗಿಲೇ ತೆರೆಯುತ್ತದೆ. 2022ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಪ್ರಕಾರ, ಕೂತಿರುವ ಹೊತ್ತಿನ ಮಧ್ಯೆ ಆಗಾಗ ಎರಡರಿಂದ ಐದು ನಿಮಿಷ ನಿಧಾನವಾಗಿ ನಡೆದರೂ ಊಟದ ನಂತರದ ಸಕ್ಕರೆ ಮಟ್ಟ ಕಡಿಮೆ ಆಗುತ್ತದೆ, ಬರೀ ಎದ್ದು ನಿಂತರೆ ಆಗುವುದಕ್ಕಿಂತ ಜಾಸ್ತಿ. ಅದಕ್ಕೂ ಮೊದಲು 2013ರಲ್ಲಿ, 60 ದಾಟಿದ ಹತ್ತೇ ಜನರ ಮೇಲೆ ಒಂದು ಸಣ್ಣ ಪ್ರಯೋಗ ನಡೆದಿತ್ತು. ಪ್ರತಿ ಊಟದ ನಂತರ 15 ನಿಮಿಷ ನಡೆದಾಗ ರಾತ್ರಿ ಊಟದ ನಂತರದ ಸಕ್ಕರೆ ಒಂದೇ ಸಲ 45 ನಿಮಿಷ ನಡೆದ ದಿನಕ್ಕಿಂತ ಚೆನ್ನಾಗಿ ಹತೋಟಿಯಲ್ಲಿತ್ತು. ಸಣ್ಣ ಪ್ರಯೋಗ, ಆದರೆ ದೇಹ ಕೆಲಸ ಮಾಡುವ ರೀತಿಗೆ ಸರಿ ಹೊಂದುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತಗೊಳ್ಳುವವರು ಮಾತ್ರ ನಡಿಗೆ ಏರಿಸುವ ಮೊದಲು ತಮ್ಮ ಡಾಕ್ಟರ ಹತ್ತಿರ ಒಂದು ಮಾತು ಕೇಳಲಿ, ಸಕ್ಕರೆ ತೀರಾ ಕೆಳಗೆ ಹೋದರೂ ಕಷ್ಟ.

ನನ್ನ ಬ್ಯಾಂಡಿನಲ್ಲಿ ಈ ಎಬ್ಬಿಸುವ ಸಮಯವನ್ನು ನಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಊಟದ ಹೊತ್ತಿನ ಹದಿನೈದು ಇಪ್ಪತ್ತು ನಿಮಿಷದ ನಂತರ ಒಂದು ಅಲಾರಂ ಬೇರೆ ಇಟ್ಟುಕೊಂಡಿದ್ದೇನೆ. ಇದೊಂದು ಸೌಲಭ್ಯಕ್ಕಾಗಿಯೇ ಇದನ್ನು ತಗೊಳ್ಳಬಹುದು ಅನ್ನುತ್ತೇನೆ. ಫೋನಿನ ಅಲಾರಂ ಇದೆಯಲ್ಲ ಅನ್ನಬಹುದು. ಫೋನ್ ಅಲಾರಂ ನಿಲ್ಲಿಸಲು ಎತ್ತಿಕೊಂಡರೆ ಅದರಲ್ಲೇ ಕೂತುಬಿಡುತ್ತೇವೆ.

ಕೂತೇ ಕೆಲಸ ಮಾಡುವವರ ಕಥೆ ಹಳೆಯದು. 1953ರಲ್ಲಿ ಜೆರ್ರಿ ಮಾರಿಸ್ ಅನ್ನುವ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್, ಕಂಡಕ್ಟರ್‌ಗಳನ್ನು ಹೋಲಿಸಿ ನೋಡಿದ್ದರು. ದಿನವಿಡೀ ಕೂತಿರುವ ಡ್ರೈವರ್‌ಗಳಿಗಿಂತ, ಮೇಲೆ ಕೆಳಗೆ ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಆ ಕಂಡಕ್ಟರ್‌ಗಳ ಕೈಯಲ್ಲಿ ಯಾವ ಬ್ಯಾಂಡೂ ಇರಲಿಲ್ಲ. ಮೆಟ್ಟಿಲಿನ ವಿಷಯಕ್ಕೆ ಬಂದರೆ, ಗಾಳಿಯ ಒತ್ತಡ ಅಳೆದು ಎತ್ತರ ತಿಳಿಯುವ ಭಾಗ ಇಲ್ಲದ ಬ್ಯಾಂಡಿಗೆ ಮೆಟ್ಟಿಲು ಹತ್ತಿದ್ದು ಸಮತಟ್ಟು ನೆಲದಲ್ಲಿ ನಡೆದಷ್ಟೇ. ನಾಲ್ಕು ಮಹಡಿ ಹತ್ತಿ ಎದೆ ಡವಗುಟ್ಟುತ್ತಿದ್ದರೂ ಅದಕ್ಕೆ ಅದು ಬರೀ ಒಂದಷ್ಟು ಹೆಜ್ಜೆ.

ಹೃದಯ ಬಡಿತದ ಹಸಿರು ಲೈಟಿನ ಬಗ್ಗೆ ಸ್ವಲ್ಪ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ, ಪ್ರತಿ ಬಡಿತಕ್ಕೂ ಚರ್ಮದಡಿಯ ರಕ್ತ ಏರಿ ಇಳಿಯುತ್ತದೆ, ವಾಪಸ್ ಬರುವ ಬೆಳಕಿನ ಏರಿಳಿತ ನೋಡಿ ಬಡಿತ ಎಣಿಸುತ್ತದೆ. ಪಟ್ಟಿ ಸಡಿಲ ಇದ್ದರೆ, ಕೈ ತಣ್ಣಗಿದ್ದರೆ, ಅಲ್ಲಿ ಹಚ್ಚೆ ಇದ್ದರೆ ಲೆಕ್ಕ ಹಳಿ ತಪ್ಪುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದೆರಡು ಬೆರಳು ಮೇಲಕ್ಕೆ ಕಟ್ಟಿದರೆ ಸರಿಯಾಗಿ ಬರುತ್ತದೆ. ಇದರಲ್ಲಿ ನೋಡಬೇಕಾದದ್ದು ನಡೆಯುವಾಗಿನ ಬಡಿತಕ್ಕಿಂತ ವಿಶ್ರಾಂತಿಯಲ್ಲಿರುವಾಗಿನ ಬಡಿತ. ತಿಂಗಳುಗಟ್ಟಲೆ ಬಿರುಸಾಗಿ ನಡೆದವರಲ್ಲಿ ಅದು ನಿಧಾನಕ್ಕೆ ಕೆಳಗೆ ಬರುವುದು ಸಾಮಾನ್ಯ. ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳಲು ಕಲಿತಿರುತ್ತದೆ. ನನ್ನ ಗ್ರಾಫು ಕೂಡ ಕೆಳಮುಖ ಆಗಿದೆ, ಬಹಳ ಅಲ್ಲ, ಆದರೆ ಕಣ್ಣಿಗೆ ಕಾಣುವಷ್ಟು. ಬಣ್ಣ ಬಣ್ಣದ ಪಟ್ಟಿ ಹಾಕಿ ಇದು ಕೊಬ್ಬು ಕರಗುವ ವಲಯ, ಇದು ಹೃದಯದ ವಲಯ ಅಂತ ತೋರಿಸುತ್ತದಲ್ಲ, ಅದನ್ನು ತೀರಾ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. 220ರಲ್ಲಿ ವಯಸ್ಸು ಕಳೆದು ಮಾಡುವ ಲೆಕ್ಕ ಅದು, ಒಬ್ಬೊಬ್ಬರಿಗೆ ಎಷ್ಟೋ ವ್ಯತ್ಯಾಸ ಇರುತ್ತದೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗಂತೂ ಅದು ಪೂರ್ತಿ ಸುಳ್ಳು, ಏಕೆಂದರೆ ಆ ಮಾತ್ರೆಯ ಕೆಲಸವೇ ಬಡಿತ ಏರದಂತೆ ಹಿಡಿಯುವುದು. ನಡೆಯುವಾಗ ಎದೆ ನೋವು ಬಂದರೆ, ತಲೆ ಸುತ್ತಿದರೆ ಬ್ಯಾಂಡಿನಲ್ಲಿ ಏನು ತೋರಿಸುತ್ತಿದೆ ಅಂತ ನೋಡುತ್ತಾ ನಿಲ್ಲಬೇಡಿ, ಡಾಕ್ಟರ ಹತ್ತಿರ ಹೋಗಿ.

ಬ್ಯಾಂಡಿಗೆ ಕಾಣದ ಲಾಭಗಳೇ ಬಹಳ. ಮಂಡಿಯನ್ನೇ ತಗೊಳ್ಳಿ. ನಡೆದರೆ ಮಂಡಿ ಸವೆಯುತ್ತದೆ ಅಂತ ಹೆದರುವವರು ಎಲ್ಲಾ ಕಡೆ ಇದ್ದಾರೆ. ಮಂಡಿಯೊಳಗಿನ ಮೃದ್ವಸ್ಥಿಗೆ ತನ್ನದೇ ರಕ್ತನಾಳ ಇಲ್ಲ. ಭಾರ ಬಿದ್ದಾಗ ಒತ್ತಿ, ಎತ್ತಿದಾಗ ಸಡಿಲಗೊಂಡು, ಸುತ್ತಲಿನ ದ್ರವದಿಂದಲೇ ಅದು ಆಹಾರ ಹೀರಿಕೊಳ್ಳಬೇಕು. ಅಲುಗಾಡಿಸದೇ ಇಟ್ಟ ಮಂಡಿಗೆ ಅದು ಸಿಗುವುದಿಲ್ಲ. ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ಕಾಲಿನ ರಕ್ತವನ್ನು ಹಿಂಡಿ ಮೇಲಕ್ಕೆ ಕಳಿಸುತ್ತದೆ, ಸಂಜೆ ಹೊತ್ತಿಗೆ ಪಾದ ಊದುವವರಿಗೆ ಇದರ ಬೆಲೆ ಗೊತ್ತು. ರಕ್ತದೊತ್ತಡ ಸ್ವಲ್ಪ ಇಳಿಯುತ್ತದೆ, ಮಾತ್ರೆ ಬಿಡುವಷ್ಟು ಇಳಿಯುತ್ತದೆ ಅಂತ ನೀವೇ ತೀರ್ಮಾನ ಮಾಡಬೇಡಿ. ಮಿದುಳಿನ ವಿಷಯದಲ್ಲಿ 2011ರ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. 55ರಿಂದ 80 ವರ್ಷದ 120 ಜನರಲ್ಲಿ ಅರ್ಧದಷ್ಟು ಜನರನ್ನು ವಾರಕ್ಕೆ ಮೂರು ದಿನ 40 ನಿಮಿಷದಂತೆ ಒಂದು ವರ್ಷ ನಡೆಸಿದರು, ಉಳಿದವರಿಗೆ ಮೈ ಎಳೆಯುವ ವ್ಯಾಯಾಮ ಮಾತ್ರ ಮಾಡಿಸಿದರು. ನೆನಪಿನ ಕೆಲಸ ಮಾಡುವ ಹಿಪೊಕ್ಯಾಂಪಸ್ ಅನ್ನುವ ಭಾಗ ನಡೆದವರಲ್ಲಿ ಸುಮಾರು 2% ಹಿಗ್ಗಿತ್ತು, ಉಳಿದವರಲ್ಲಿ ವಯಸ್ಸಿಗೆ ತಕ್ಕ ಹಾಗೆ ಕುಗ್ಗಿತ್ತು. ಇದಕ್ಕೆಲ್ಲ ಪರದೆಯಲ್ಲಿ ಉಂಗುರ ಇಲ್ಲ.

ನಡಿಗೆಯೊಂದೇ ಸಾಕು ಅನ್ನುವ ಭಾವನೆಯನ್ನು ಈ ಆ್ಯಪ್‌ಗಳು ಬೆಳೆಸುತ್ತವೆ, ಅದೂ ಸರಿಯಲ್ಲ. ತೋಳಿಗೆ, ಬೆನ್ನಿಗೆ ನಡಿಗೆಯಿಂದ ಹೆಚ್ಚೇನೂ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿಯಲ್ಲಿ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಅಂತಲೂ ಇದೆ. ಬ್ಯಾಂಡು ಕಟ್ಟಿಕೊಂಡು ಬಸ್ಕಿ ಹೊಡೆದರೆ ಅದು ಏನೂ ಆಗಿಲ್ಲ ಎಂಬಂತೆ ಇರುತ್ತದೆ.

ತಕರಾರುಗಳು ಇನ್ನೂ ಇವೆ. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಅಂಗೈ ಅಡ್ಡ ಹಿಡಿದು ಇಣುಕಿ ನೋಡಬೇಕು. ಒಂದೇ ಸಮ ಗುರಿ ಮುಟ್ಟಿದ ದಿನಗಳ ಸರಪಳಿ ತೋರಿಸುತ್ತದೆ, ಜ್ವರ ಬಂದು ಮಲಗಿದರೆ ಸರಪಳಿ ಕಡಿದು ಸೊನ್ನೆಗೆ ಬರುತ್ತದೆ. ಸುಸ್ತಾದವರನ್ನು ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ಸುತ್ತು ಹಾಕಿಸುವುದು ಆರೋಗ್ಯವಲ್ಲ, ಅದು ಕಾಟ. ಆ ಸೂಚನೆಯನ್ನು ಆರಿಸಿ ಇಡಿ. ಆ್ಯಪ್ ಹಾಕಿದ ಕೂಡಲೇ ಕಾಂಟ್ಯಾಕ್ಟ್ಸ್, ಇರುವ ಜಾಗ, ಮೆಸೇಜು ಎಲ್ಲಕ್ಕೂ ಅನುಮತಿ ಕೇಳುತ್ತದೆ. ಹೆಜ್ಜೆ ಎಣಿಸಲು ನನ್ನ ಫೋನಿನಲ್ಲಿರುವ ನಂಬರುಗಳು ಯಾಕೆ ಬೇಕು? ಎಲ್ಲಕ್ಕೂ ಬೇಡ ಅಂದೆ, ಎಣಿಕೆ ಏನೂ ನಿಲ್ಲಲಿಲ್ಲ. ಹೃದಯದ ಬಡಿತ, ನಿದ್ದೆ, ಓಡಾಟ ಎಲ್ಲಾ ಯಾರದೋ ಸರ್ವರ್‌ಗೆ ಹೋಗುತ್ತದೆ ಅನ್ನುವುದು ಇಷ್ಟವಿಲ್ಲದವರಿಗೆ ಆ್ಯಪ್ಪೇ ಇಲ್ಲದ, ಬಟನ್ ಸೆಲ್ ಹಾಕುವ ಹಳೇ ಮಾದರಿಯ ಕ್ಲಿಪ್ಪು ಈಗಲೂ ಸಿಗುತ್ತದೆ. ಅಪ್ಪ ಈಗ ಹಾಕಿಕೊಳ್ಳುವುದು ಅದನ್ನೇ. ಒಂದೇ ಅಂಕಿ, ಒಂದೇ ಗುಂಡಿ.

ಪಟ್ಟಿಯ ಬಗ್ಗೆ ಹೇಳಲೇಬೇಕು. ಜೊತೆಗೆ ಬರುವ ರಬ್ಬರಿನಂಥ ಪಟ್ಟಿಯಡಿ ಬೆವರು, ಸೋಪಿನ ನೊರೆ ನಿಂತು ಚರ್ಮ ಕೆಂಪಗಾಗಿ ತುರಿಸಲು ಶುರುವಾಯಿತು. ಬಟ್ಟೆಯ ಪಟ್ಟಿಗೆ ಬದಲಿಸಿ, ಸ್ನಾನಕ್ಕೆ ಬಿಚ್ಚಿಟ್ಟು, ರಾತ್ರಿ ಇನ್ನೊಂದು ಕೈಗೆ ಕಟ್ಟಲು ಶುರು ಮಾಡಿದ ಮೇಲೆ ಹೋಯಿತು. ಅದೇ ಬೆವರು ಅಡಿಯಲ್ಲಿರುವ ಚಾರ್ಜಿಂಗ್‌ನ ಎರಡು ಪಿನ್ನಿಗೆ ಹಸಿರು ಕಿಲುಬು ಹಿಡಿಸಿತು, ಚಾರ್ಜ್ ಆಗುವುದು ನಿಂತಿತು. ಸರ್ವಿಸ್‌ನವರು ಇದು ನೀರಿನಿಂದ ಆದ ಹಾನಿ, ವಾರಂಟಿಗೆ ಬರುವುದಿಲ್ಲ ಅಂದರು. ಡಬ್ಬಿಯ ಮೇಲೆ ಈಜುವಾಗಲೂ ಕಟ್ಟಿಕೊಳ್ಳಬಹುದು ಅಂತ ಚಿತ್ರ ಸಮೇತ ಇದೆ! ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಪಿನ್ನು ಉಜ್ಜಿದೆ, ಮತ್ತೆ ಚಾರ್ಜ್ ಆಗುತ್ತಿದೆ. ಚಾರ್ಜರ್ ವೈರು ಆ ಕಂಪನಿಯದ್ದೇ ಆಗಬೇಕು, ಬೇರೆ ಯಾವುದೂ ಹಿಡಿಯುವುದಿಲ್ಲ. ತಗೊಳ್ಳುವಾಗಲೇ ವೈರು ಬಿಡಿಯಾಗಿ ಸಿಗುತ್ತದಾ ಅಂತ ಕೇಳಿಕೊಂಡು ತಗೊಳ್ಳಿ.